ಕೋನದ ಕೊನೆಯ ಅಂಕಿಯನ್ನು ಎಷ್ಟು ನಂಬಬೇಕು?

ಸರ್ವೆಯವರು ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಉಪಕರಣದ ಪರದೆಯ ಮೇಲೆ 42°18′36″ (42 ಡಿಗ್ರಿ, 18 ಮಿನಿಟ್, 36 ಸೆಕೆಂಡ್) ಎಂದು ಮೂಡುತ್ತದೆ. ಓದಿದವರು ಹಾಗೆಯೇ ಬರೆದುಕೊಳ್ಳುತ್ತಾರೆ. ಆ 36ರಲ್ಲಿ ಕೊನೆಗೊಂದು 6 ಇದೆಯಲ್ಲ, ಅದು ನಿಜಕ್ಕೂ ಅಳೆದು ಬಂದದ್ದೋ ಅಥವಾ ಪರದೆಯಲ್ಲಿ ಜಾಗವಿತ್ತು ಅಂತ ಬಂದು ಕೂತದ್ದೋ? ಉಪಕರಣದ ಬ್ರೋಷರ್ ತೆಗೆದು ನೋಡಿದರೆ ‘ಡಿಸ್‌ಪ್ಲೇ 1″’ ಎಂದು ಒಂದು ಸಾಲು, ‘ಆಕ್ಯುರಸಿ 5″’ ಎಂದು ಇನ್ನೊಂದು ಸಾಲು ಇರುತ್ತದೆ. ಮೊದಲನೆಯದು ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ತಕರಾರು ಬಂದ ದಿನ ಹುಡುಕುತ್ತಾರೆ.

ಕನ್ನಡದಲ್ಲಿ ಈ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು. ಆಕ್ಯುರಸಿ, ಪ್ರಿಸಿಷನ್ ಎರಡಕ್ಕೂ ‘ನಿಖರತೆ’ ಎಂದೇ ಬರೆದು ಮುಂದೆ ಹೋಗುವುದು ನಮ್ಮ ರೂಢಿ. ‘ನಿಷ್ಕೃಷ್ಟತೆ’, ‘ಯಥಾರ್ಥತೆ’ ಮುಂತಾದ ಪದಗಳಿದ್ದರೂ ಯಾವುದು ಯಾವುದಕ್ಕೆ ಎಂಬುದರಲ್ಲಿ ಒಮ್ಮತವಿಲ್ಲ. ಅದಕ್ಕೇ ಇಲ್ಲಿ ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳುತ್ತೇನೆ. ಒಂದೇ ಕೋನವನ್ನು ಹತ್ತು ಸಲ ಅಳೆದರೆ ಹತ್ತೂ ಉತ್ತರಗಳು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಅನ್ನುವುದು ಪ್ರಿಸಿಷನ್. ಅವು ನಿಜವಾದ ಬೆಲೆಗೆ ಎಷ್ಟು ಹತ್ತಿರ ಅನ್ನುವುದು ಆಕ್ಯುರಸಿ. ಸ್ಕೇಲೋ ಪರದೆಯೋ ತೋರಿಸಬಲ್ಲ ಅತಿ ಸಣ್ಣ ಹೆಜ್ಜೆ ಲೀಸ್ಟ್ ಕೌಂಟ್. ಐಎಸ್‌ಒ 5725 ಎಂಬ ಅಂತರರಾಷ್ಟ್ರೀಯ ಮಾನದಂಡ ಇನ್ನೂ ಒಂದು ಎಳೆ ಬಿಡಿಸುತ್ತದೆ: ಹಲವು ಅಳತೆಗಳ ಸರಾಸರಿ ನಿಜಕ್ಕೆ ಹತ್ತಿರವಿದ್ದರೆ ಅದು ಟ್ರೂನೆಸ್, ಟ್ರೂನೆಸ್ ಮತ್ತು ಪ್ರಿಸಿಷನ್ ಎರಡೂ ಕೂಡಿದರೆ ಆಕ್ಯುರಸಿ.

ಇದನ್ನು ವಿವರಿಸಲು ಗುರಿಹಲಗೆಯ ಚಿತ್ರ ತೋರಿಸುವುದುಂಟು. ಬಾಣಗಳೆಲ್ಲ ಒಂದೇ ಕಡೆ ಗುಂಪಾಗಿ, ಆದರೆ ನಡುಬಿಂದುವಿನಿಂದ ದೂರ. ನನಗೆ ಆ ಚಿತ್ರದ ಮೇಲೆ ಒಂದು ಆಕ್ಷೇಪವಿದೆ. ಅದರಲ್ಲಿ ನಡುಬಿಂದು ಕಣ್ಣಿಗೆ ಕಾಣುತ್ತದೆ. ಅಳತೆಯ ಕೆಲಸದಲ್ಲಿ ಕಾಣುವುದಿಲ್ಲ. ಖಾಲಿ ಗೋಡೆ, ಬಾಣ ನೆಟ್ಟ ಗುರುತುಗಳು, ಅಷ್ಟೇ. ಗುಂಪು ಬಿಗಿಯಾಗಿದ್ದಷ್ಟೂ ‘ಇದೇ ಸರಿ’ ಎಂಬ ಧೈರ್ಯ ಬರುತ್ತದೆ, ಆ ಧೈರ್ಯಕ್ಕೆ ಆಧಾರವಿಲ್ಲ.

ಅಂಕಿಗಳಲ್ಲೇ ನೋಡೋಣ. ನಿಜವಾದ ಕೋನ 60°00′00″ ಎಂದು ಬೇರೆ ಮೂಲದಿಂದ ಗೊತ್ತಿದೆ ಎಂದಿಟ್ಟುಕೊಳ್ಳಿ. ಮೊದಲ ಉಪಕರಣದ ಐದು ಅಳತೆಗಳು 60°ಗಿಂತ 41, 43, 42, 40, 44 ಸೆಕೆಂಡ್ ಹೆಚ್ಚು. ಸರಾಸರಿ 42″ ಹೆಚ್ಚು, ಚದುರುವಿಕೆ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 1.6″. ಎರಡನೆಯ ಉಪಕರಣದ್ದು −12, +14, +6, −8, +5. ಸರಾಸರಿ 1″ ಹೆಚ್ಚು, ಚದುರುವಿಕೆ 10.7″. ಮೊದಲನೆಯದನ್ನು ಸಾವಿರ ಸಲ ಓದಿದರೂ ಆ 42″ ಕರಗುವುದಿಲ್ಲ. ಎರಡನೆಯದನ್ನು ಓದಿದಷ್ಟೂ ಸರಾಸರಿ ಗಟ್ಟಿಯಾಗುತ್ತದೆ, ಅದೂ ನಿಧಾನಕ್ಕೆ: ಚದುರುವಿಕೆಯನ್ನು ಓದಿದ ಸಲಗಳ ವರ್ಗಮೂಲದಿಂದ ಭಾಗಿಸಬೇಕು. ಐದು ಸಲಕ್ಕೆ 4.8″, ಅದನ್ನು ಅರ್ಧ ಮಾಡಬೇಕಾದರೆ ಇಪ್ಪತ್ತು ಸಲ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಅದರ ತಪ್ಪು ಸ್ಥಿರವಾಗಿದೆ. ಸ್ಥಿರವಾದ ತಪ್ಪನ್ನು ಒಮ್ಮೆ ಹಿಡಿದರೆ ಕಳೆದುಬಿಡಬಹುದು. ಹಿಡಿಯುವುದು ಹೇಗೆ ಎಂಬುದಕ್ಕೆ ಮುಂದೆ ಬರುತ್ತೇನೆ, ಮೊದಲು ಮಾನಗಳ ಲೆಕ್ಕ ಮುಗಿಸಿಬಿಡೋಣ.

ಡಿಗ್ರಿ, ರೇಡಿಯನ್, ಗಾನ್, ಮಿಲ್

ಒಂದು ಸುತ್ತಿಗೆ 360 ಡಿಗ್ರಿ, ಡಿಗ್ರಿಗೆ 60 ಮಿನಿಟ್, ಮಿನಿಟಿಗೆ 60 ಸೆಕೆಂಡ್. ಪಂಚಾಂಗ ನೋಡುವವರಿಗೆ ಇದೇ ಲೆಕ್ಕ ಅಂಶ, ಕಲೆ, ವಿಕಲೆ ಎಂಬ ಹೆಸರಿನಲ್ಲಿ ಗೊತ್ತು. ಕೋನದ ಸೆಕೆಂಡಿಗೆ ವಿಕಲೆ ಎಂದೇ ಹೇಳುವ ರೂಢಿ ಉಳಿದಿದ್ದರೆ ಒಂದು ಅನುಕೂಲವಿತ್ತು, ಗಡಿಯಾರದ ಸೆಕೆಂಡಿನ ಜೊತೆ ಕಲಸಿಹೋಗುತ್ತಿರಲಿಲ್ಲ. ಖಗೋಳದಲ್ಲಿ ಎರಡೂ ಒಟ್ಟೊಟ್ಟಿಗೆ ಬರುತ್ತವೆ: ಆಕಾಶವನ್ನು 24 ಗಂಟೆಗಳಾಗಿ ಭಾಗಿಸಿದಾಗ ಕಾಲದ ಒಂದು ಸೆಕೆಂಡ್ ಎಂದರೆ ಕೋನದ 15 ಸೆಕೆಂಡ್.

ರೇಡಿಯನ್ ಬೇರೆ ಜಾತಿ. ಸುತ್ತನ್ನು ಇಷ್ಟು ತುಂಡು ಮಾಡಬೇಕು ಎಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ರೇಡಿಯನ್. ಉದ್ದವನ್ನು ಉದ್ದದಿಂದ ಭಾಗಿಸಿದ್ದರಿಂದ ಅದಕ್ಕೆ ಆಯಾಮವಿಲ್ಲ. ಎಸ್‌ಐ ವ್ಯವಸ್ಥೆ ಇದನ್ನು ಬಹಳ ಕಾಲ ‘ಪೂರಕ ಮಾನ’ ಎಂಬ ಪ್ರತ್ಯೇಕ ಗುಂಪಿನಲ್ಲಿಟ್ಟು, 1995ರಲ್ಲಿ ಆ ಗುಂಪನ್ನೇ ರದ್ದು ಮಾಡಿ ಸಾಧಿತ ಮಾನಗಳ ಸಾಲಿಗೆ ಸೇರಿಸಿತು. ಒಂದು ರೇಡಿಯನ್ 57.29578°, ಮಿನಿಟಿನಲ್ಲಿ 3437.75, ಸೆಕೆಂಡಿನಲ್ಲಿ 206265. ಆರ್ಯಭಟನ ಜ್ಯಾ (ಸೈನ್) ಕೋಷ್ಟಕದಲ್ಲಿ ತ್ರಿಜ್ಯ 3438 ಇರುವುದು ಇದೇ ಕಾರಣಕ್ಕೆ. ಪರಿಧಿಯನ್ನು 21600 ಕಲೆಗಳೆಂದು ಹಿಡಿದರೆ ತ್ರಿಜ್ಯವೂ ಕಲೆಗಳಲ್ಲೇ ಅಷ್ಟಾಗುತ್ತದೆ. ರೇಡಿಯನ್ ಎಂಬ ಹೆಸರು ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದೆ ಅದೇ ಲೆಕ್ಕ ಬಳಕೆಯಲ್ಲಿತ್ತು.

ಗಾನ್ ಅಥವಾ ಗ್ರೇಡ್ ಫ್ರೆಂಚ್ ಕ್ರಾಂತಿಯ ಕಾಲದ ಕೂಸು: ಲಂಬಕೋನಕ್ಕೆ 100, ಸುತ್ತಿಗೆ 400. ಮೀಟರನ್ನು ಧ್ರುವದಿಂದ ಸಮಭಾಜಕಕ್ಕಿರುವ ದೂರದ ಕೋಟಿಯಲ್ಲೊಂದು ಭಾಗ ಎಂದು ಹಿಡಿದಿದ್ದರಿಂದ ಭೂಮಿಯ ಮೇಲೆ 1 ಗಾನ್ ಅಂದರೆ 100 ಕಿ.ಮೀ., ಗಾನಿನ ನೂರನೇ ಒಂದು ಅಂದರೆ 1 ಕಿ.ಮೀ. ಅದೇ ರೀತಿ ಅಕ್ಷಾಂಶದ ಒಂದು ಮಿನಿಟಿಗೆ ಸರಿಸುಮಾರು ಒಂದು ನಾಟಿಕಲ್ ಮೈಲಿ, 1852 ಮೀಟರ್. ಯುರೋಪಿನ ಕೆಲವು ದೇಶಗಳಲ್ಲಿ ಸರ್ವೆ ಇಂದಿಗೂ ಗಾನ್‌ನಲ್ಲೇ ನಡೆಯುತ್ತದೆ. ಕೂಡಿ ಕಳೆಯುವಾಗ ಅರವತ್ತರ ಕೈಸಾಲದ ಗೋಜಿಲ್ಲದ ಕಾರಣ ಅದು ನಿಜಕ್ಕೂ ಹಾಯಾದ ಮಾನ.

ಮಿಲ್ ವಿಷಯದಲ್ಲಿ ಮಾತ್ರ ಕೇಳದೆ ಮುಂದುವರಿಯಬಾರದು. ಗಣಿತದ ಮಿಲಿರೇಡಿಯನ್, ಅಂದರೆ ರೇಡಿಯನ್ನಿನ ಸಾವಿರದಲ್ಲೊಂದು, ಸುತ್ತಿಗೆ 6283.185 ಬರುತ್ತದೆ. ನ್ಯಾಟೋ ಸೇನೆಗಳ ಮಿಲ್ ಸುತ್ತಿಗೆ 6400, ಸೋವಿಯತ್ ಪದ್ಧತಿಯಲ್ಲಿ 6000. ಭಾಗಾಕಾರ ಸುಲಭವಾಗಲಿ ಎಂದು ದುಂಡಗೆ ಮಾಡಿದ ಸಂಖ್ಯೆಗಳಿವು. ಹೆಸರು ಒಂದೇ, ಅಳತೆ ಮೂರು. ‘1 ಮಿಲ್‌ಗೆ 1 ಕಿ.ಮೀ. ದೂರದಲ್ಲಿ 1 ಮೀಟರ್’ ಎಂಬ ಸೂತ್ರ ಮಿಲಿರೇಡಿಯನ್‌ಗೆ ಸರಿಯಾಗಿ, 6400ರದಕ್ಕೆ ಸುಮಾರು 1.8% ತಪ್ಪಾಗಿ ಕೂರುತ್ತದೆ.

ಮಾನ ಬದಲಿಸುವಾಗ ಎಡವುವ ಜಾಗಗಳು

ಅತಿ ಹೆಚ್ಚು ನಡೆಯುವ ತಪ್ಪು ಚುಕ್ಕೆಯದು. 12.30° ಎಂದರೆ 12°30′ ಅಲ್ಲ, 12°18′. ನೋಟ್‌ಬುಕ್ಕಿನಲ್ಲಿ 12.30 ಎಂದು ಬರೆದವರ ಮನಸ್ಸಿನಲ್ಲಿ ಮಿನಿಟ್ ಇತ್ತು, ಸಾಫ್ಟ್‌ವೇರ್ ದಶಮಾಂಶ ಎಂದು ಓದಿತು. 12 ಮಿನಿಟ್ ಮಾಯ. ನೂರು ಮೀಟರ್ ದೂರದಲ್ಲಿ ಅದು 35 ಸೆಂ.ಮೀ. ಈ ತಪ್ಪು ಕಣ್ಣಿಗೆ ಬೀಳದಿರಲು ಕಾರಣವಿದೆ: ಉತ್ತರ ಅಸಂಬದ್ಧವಾಗಿ ಕಾಣುವುದಿಲ್ಲ, ಸ್ವಲ್ಪವೇ ಪಕ್ಕಕ್ಕೆ ಸರಿದಿರುತ್ತದೆ. ಜಿಪಿಎಸ್ ರಿಸೀವರ್‌ಗಳ ಕಚ್ಚಾ ಸಾಲಿನಲ್ಲಿ ಡಿಗ್ರಿ ಮತ್ತು ಮಿನಿಟ್ ಅಂಟಿಕೊಂಡೇ ಬರುತ್ತವೆ: 3542.500 ಎಂದರೆ 35°42.500′, ದಶಮಾಂಶದಲ್ಲಿ 35.70833°. ಅದನ್ನು ನೂರರಿಂದ ಭಾಗಿಸಿ 35.425° ಎಂದು ನಕ್ಷೆಯಲ್ಲಿ ಗುರುತಿಸಿದರೆ ಬಿಂದು 31 ಕಿ.ಮೀ. ಆಚೆ ಹೋಗಿ ಕೂರುತ್ತದೆ.

ಋಣ ಚಿಹ್ನೆ ಇನ್ನೊಂದು ಗುಂಡಿ. −0°15′30″ ಎಂಬುದನ್ನು ಮೂರು ಅಂಕಣಗಳಲ್ಲಿ ತುಂಬಿದರೆ ಮೊದಲ ಅಂಕಣದ −0 ಬರೀ 0 ಆಗಿಬಿಡುತ್ತದೆ, ಉತ್ತರ ಧನ. ವ್ಯತ್ಯಾಸ ದುಪ್ಪಟ್ಟು, 31 ಮಿನಿಟ್. ಚಿಹ್ನೆಗೆ ಪ್ರತ್ಯೇಕ ಅಂಕಣ ಇಡುವುದೇ ಇದಕ್ಕೆ ಪರಿಹಾರ.

ಕ್ಯಾಲ್ಕುಲೇಟರಿನ ಮೋಡ್ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ. ಸೈನ್ 30 ಒತ್ತಿದರೆ ಡಿಗ್ರಿ ಮೋಡ್‌ನಲ್ಲಿ 0.5, ರೇಡಿಯನ್ ಮೋಡ್‌ನಲ್ಲಿ −0.988, ಗ್ರೇಡ್ ಮೋಡ್‌ನಲ್ಲಿ 0.454. ರೇಡಿಯನ್ನಿನ ಉತ್ತರ ಎಷ್ಟು ವಿಚಿತ್ರವಾಗಿದೆ ಎಂದರೆ ತಕ್ಷಣ ಸಿಕ್ಕಿಬೀಳುತ್ತದೆ. ಅಪಾಯ ಇರುವುದು ಗ್ರೇಡ್‌ನದರಲ್ಲಿ, ಅದು ನಂಬುವ ಹಾಗಿದೆ. ಸ್ಪ್ರೆಡ್‌ಶೀಟ್ ಮತ್ತು ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು ರೇಡಿಯನ್ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ.

ಇಳಿಜಾರಿನ ಶೇಕಡಾವಾರು ಕೋನವೇ ಅಲ್ಲ, ಕೋನದ ಟ್ಯಾಂಜೆಂಟ್. 30% ಅಂದರೆ 16.7°, 30° ಅಂದರೆ 57.7%, 100% ಅಂದರೆ 45°. ಸಣ್ಣ ಕೋನಗಳಲ್ಲಿ ಎರಡೂ ಒಂದೇ ತಾಳದಲ್ಲಿ ಏರುತ್ತವೆ, ಆಮೇಲೆ ದಾರಿ ಬೇರೆಯಾಗುತ್ತದೆ. ಟ್ಯಾಂಜೆಂಟ್ ಬದಲು ರೇಡಿಯನ್ನನ್ನೇ ಬಳಸಿದರೆ 5°ಯಲ್ಲಿ ತಪ್ಪು 0.25%, 10°ಯಲ್ಲಿ 1%.

ಕೋನವನ್ನು ಉದ್ದಕ್ಕೆ ಇಳಿಸಿ ನೋಡಿ

‘ಐದು ಸೆಕೆಂಡ್’ ಎಂದರೆ ಹೆಚ್ಚೋ ಕಡಿಮೆಯೋ? ಹಾಗೇ ಕೇಳಿದರೆ ಉತ್ತರವಿಲ್ಲ. ಎಷ್ಟು ದೂರದಲ್ಲಿ ಎಂದು ಕೇಳಬೇಕು. ಇಲ್ಲಿ 206265 ಎಂಬ ಸಂಖ್ಯೆಯೊಂದನ್ನು ನೆನಪಿಟ್ಟುಕೊಂಡರೆ ಸಾಕು. ಸೆಕೆಂಡುಗಳನ್ನು ಅದರಿಂದ ಭಾಗಿಸಿ ದೂರದಿಂದ ಗುಣಿಸಿದರೆ ಅಡ್ಡಕ್ಕೆ ಎಷ್ಟು ಸರಿಯಿತು ಎಂದು ಸಿಗುತ್ತದೆ. 1″ಗೆ ಒಂದು ಕಿ.ಮೀ. ದೂರದಲ್ಲಿ 4.85 ಮಿ.ಮೀ., ನೂರು ಮೀಟರಿಗೆ ಅರ್ಧ ಮಿ.ಮೀ.ಗೂ ಸ್ವಲ್ಪ ಕಡಿಮೆ. 1′ಗೆ ನೂರು ಮೀಟರಿನಲ್ಲಿ 29 ಮಿ.ಮೀ. ಕಂಪಾಸ್ ಬಾಕ್ಸಿನ ಪ್ರೊಟ್ರಾಕ್ಟರಿನಲ್ಲಿ ಅರ್ಧ ಡಿಗ್ರಿ ತಪ್ಪಿದರೆ 10 ಸೆಂ.ಮೀ. ಗೆರೆಯ ತುದಿ 0.9 ಮಿ.ಮೀ. ಸರಿಯುತ್ತದೆ, ಚಿತ್ರಕ್ಕೆ ಅಷ್ಟು ಸಾಕು. ಅದೇ ಅರ್ಧ ಡಿಗ್ರಿ 50 ಮೀಟರ್ ಗೋಡೆಯ ತುದಿಯಲ್ಲಿ 44 ಸೆಂ.ಮೀ.

ಈ ಲೆಕ್ಕವನ್ನು ತಿರುಗಿಸಿ ಹಾಕಿದಾಗ ಸ್ವಾರಸ್ಯವಿರುವುದು. ಟ್ರೈಪಾಡನ್ನು ಬಿಂದುವಿನ ಮೇಲೆ ನಿಲ್ಲಿಸುವಾಗ 3 ಮಿ.ಮೀ. ಆಚೀಚೆಯಾಯಿತು, ಅದೂ ಗುರಿಯ ದಿಕ್ಕಿಗೆ ಅಡ್ಡವಾಗಿ. ಗುರಿ 50 ಮೀಟರ್ ದೂರ. 3ನ್ನು 50000ದಿಂದ ಭಾಗಿಸಿ 206265ರಿಂದ ಗುಣಿಸಿ: 12″. ಅತ್ತ ಗುರಿಯ ಬಳಿ ಗುರಿಯಾಗಿ ನೋಡುವ ಗಾಜಿನ ಪ್ರಿಸಂ ಹಿಡಿದ ಕೋಲು 1.5 ಮೀಟರ್ ಎತ್ತರ, ಅದರ ಮಟ್ಟ ತೋರಿಸುವ ಗುಂಡು ಬಬಲ್ 10′ ತಪ್ಪು ತೋರಿಸುತ್ತಿದೆ. ಪ್ರಿಸಂ ಅಡ್ಡಕ್ಕೆ 4.4 ಮಿ.ಮೀ. ವಾಲಿರುತ್ತದೆ, ಅಂದರೆ 18″. ಉಪಕರಣದ್ದು 5″ ಎಂದು ಬ್ರೋಷರ್ ಹೇಳಿತ್ತು. ಆದರೆ ಅದು ಒಂದು ದಿಕ್ಕಿಗೆ. ಕೋನ ಎಂದರೆ ಎರಡು ದಿಕ್ಕುಗಳ ವ್ಯತ್ಯಾಸವಾದ್ದರಿಂದ 1.414ರಿಂದ ಗುಣಿಸಬೇಕು, 7″ ಆಗುತ್ತದೆ. ಈ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳಾದ್ದರಿಂದ ನೇರ ಕೂಡುವುದಿಲ್ಲ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು: 49, 144, 324 ಸೇರಿ 517, ವರ್ಗಮೂಲ 22.7″.

ಈಗ ಅದೇ ಜಾಗಕ್ಕೆ ದುಬಾರಿಯಾದ 1″ ಉಪಕರಣ ತಂದಿಡಿ. 7″ ಇದ್ದದ್ದು 1.4″ ಆಗುತ್ತದೆ. ಒಟ್ಟು: 2, 144, 324 ಸೇರಿ 470, ವರ್ಗಮೂಲ 21.7″. ಅಷ್ಟೆಲ್ಲ ಖರ್ಚು ಮಾಡಿ ಗಳಿಸಿದ್ದು ಒಂದೇ ಒಂದು ಸೆಕೆಂಡ್. ಪ್ರಿಸಂ ಕೋಲಿನ ಬಬಲನ್ನು ಹತ್ತು ನಿಮಿಷ ಕೂತು ಸರಿಪಡಿಸಿದ್ದರೆ ಹಳೆಯ ಉಪಕರಣದಲ್ಲೇ ಒಟ್ಟು 14″ಗೆ ಇಳಿಯುತ್ತಿತ್ತು. ಒಟ್ಟು ತಪ್ಪು ಯಾವತ್ತೂ ದೊಡ್ಡ ತಪ್ಪಿನ ಮಾತನ್ನೇ ಕೇಳುತ್ತದೆ, ಚಿಕ್ಕದನ್ನು ಎಷ್ಟು ತಿದ್ದಿದರೂ ಅದಕ್ಕೆ ಲಕ್ಷ್ಯವಿಲ್ಲ. ಗುರಿಯನ್ನು 50ರ ಬದಲು 200 ಮೀಟರಿಗೆ ಒಯ್ದರೆ ನಿಲ್ಲಿಸಿದ ತಪ್ಪು 3″ಗೆ, ಕೋಲಿನದು 4.5″ಗೆ ತಗ್ಗಿ ಒಟ್ಟು 9″ರ ಆಸುಪಾಸಿಗೆ ಬರುತ್ತದೆ. ಹಿಂದಿನ ಗುರಿ ಹತ್ತಿರವಿಟ್ಟು ಮುಂದಿನದನ್ನು ದೂರ ಅಳೆಯಬಾರದು ಎನ್ನುವುದು ಇದಕ್ಕೇ. ಹತ್ತಿರದ ಗುರಿಯ ಕೋನದೋಷ ದೂರದ ತುದಿಯಲ್ಲಿ ಬೆಳೆದು ನಿಲ್ಲುತ್ತದೆ.

ಬ್ರೋಷರಿನ ಆ 5″ ಬಗ್ಗೆ ಇನ್ನೊಂದು ಮಾತು. ಸರ್ವೆ ಉಪಕರಣಗಳಿಗೆ ಆ ಅಂಕಿ ಬರುವುದು ಸಾಮಾನ್ಯವಾಗಿ ಐಎಸ್‌ಒ 17123-3ರ ಪರೀಕ್ಷೆಯಿಂದ. ಒಂದು ದಿಕ್ಕನ್ನು ಎರಡೂ ಫೇಸ್‌ನಲ್ಲಿ (ದೂರದರ್ಶಕ ನೇರವಿದ್ದಾಗ ಒಮ್ಮೆ, ಅದನ್ನು ಮಗುಚಿ ಇನ್ನೊಮ್ಮೆ) ಓದಿ ತೆಗೆದ ಸರಾಸರಿಯ ಸ್ಟ್ಯಾಂಡರ್ಡ್ ಡೀವಿಯೇಷನ್ ಅದು. ಎರಡು ಸಂಗತಿ ಗಮನಿಸಿ. ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದ ಮೇಲೆ ಮೂರರಲ್ಲಿ ಒಂದು ಅಳತೆ 5″ ಮೀರಿದರೂ ಉಪಕರಣ ಕೆಟ್ಟಿಲ್ಲ. ಇನ್ನು, ಅದು ಚದುರುವಿಕೆಯ ಅಳತೆ. ಮೇಲೆ ‘ಆಕ್ಯುರಸಿ’ ಎಂದು ಹೆಸರು ಬರೆದಿದ್ದರೂ ಒಳಗಿರುವುದು ಪ್ರಿಸಿಷನ್.

ತಿರುಗಿಸಿ ಓದಿದರೆ ಸಿಕ್ಕಿಬೀಳುವ ತಪ್ಪುಗಳು

ಸ್ಥಿರವಾದ ತಪ್ಪನ್ನು ಹಿಡಿಯಲು ಪ್ರತಿಸಲ ಪ್ರಯೋಗಾಲಯಕ್ಕೆ ಓಡಬೇಕಿಲ್ಲ. ಉಪಕರಣವನ್ನು ತಿರುಗಿಸಿ ಇನ್ನೊಮ್ಮೆ ಓದಬೇಕು. ತಪ್ಪು ಉಪಕರಣದ ಜೊತೆ ತಿರುಗುತ್ತದೆ, ಅಳೆಯುವ ವಸ್ತು ಇದ್ದಲ್ಲೇ ಇರುತ್ತದೆ. ವ್ಯತ್ಯಾಸದ ಅರ್ಧವೇ ತಪ್ಪು.

ಮೂಲೆಮಟ್ಟದಲ್ಲಿ ಇದು ಕೈಗೇ ಸಿಗುತ್ತದೆ. ನೇರವಾದ ಅಂಚಿರುವ ಹಲಗೆಗೆ ಅದರ ಹಿಡಿ ಒತ್ತಿ 300 ಮಿ.ಮೀ. ಗೆರೆ ಎಳೆಯಿರಿ, ಚೂಪಾದ ಪೆನ್ಸಿಲ್ ಇರಲಿ, ಇನ್ನೂ ಒಳ್ಳೆಯದು ಚಾಕುವಿನ ಮೊನೆ. ಮಟ್ಟವನ್ನು ಮಗುಚಿ, ಗೆರೆಯ ಬುಡಕ್ಕೇ ಸೇರಿಸಿ ಇನ್ನೊಂದು ಗೆರೆ ಎಳೆಯಿರಿ. ತುದಿಯಲ್ಲಿ ಎರಡರ ನಡುವೆ 1 ಮಿ.ಮೀ. ಅಂತರ ಕಂಡರೆ ಮಟ್ಟದ ತಪ್ಪು ಅರ್ಧ ಮಿ.ಮೀ., ಕೋನದಲ್ಲಿ 5.7′. ಇಲ್ಲಿ ಲಂಬಕೋನದ ಮಾದರಿ ಬೇರೆ ಬೇಕಾಗಲೇ ಇಲ್ಲ. ಹಲಗೆಯ ಅಂಚು ಡೊಂಕಿದ್ದರೆ ಮಾತ್ರ ಪರೀಕ್ಷೆ ಸುಳ್ಳಾಗುತ್ತದೆ, ಮೊದಲು ಅದನ್ನು ನೋಡಿಕೊಳ್ಳಬೇಕು.

ರಸಮಟ್ಟಕ್ಕೂ ಡಿಜಿಟಲ್ ಕೋನಮಾಪಕಕ್ಕೂ ಇದೇ ಉಪಾಯ. ಮೇಜಿನ ಮೇಲಿಟ್ಟರೆ 0.5° ತೋರಿಸಿತು. ತುದಿ ಅದಲುಬದಲು ಮಾಡಿ ಅದೇ ಜಾಗದಲ್ಲಿಟ್ಟರೆ −0.1°. ಮೇಜಿನ ವಾಲು 0.3°, ಉಪಕರಣದ ಸೊನ್ನೆ 0.2° ಮೇಲಿದೆ. ಫೋನಿನ ಆ್ಯಪ್ ಬಳಸುವವರು ಇದನ್ನು ಮಾಡಲೇಬೇಕು, ಯಾಕೆಂದರೆ ಹಿಂಬದಿಯ ಕ್ಯಾಮೆರಾದ ಉಬ್ಬು 1.5 ಮಿ.ಮೀ. ಇದ್ದು ಫೋನ್ 150 ಮಿ.ಮೀ. ಉದ್ದವಿದ್ದರೆ ಫೋನು ಮಲಗುವಾಗಲೇ ಅರ್ಧ ಡಿಗ್ರಿಗೂ ಹೆಚ್ಚು ವಾಲಿರುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಅಳೆದರೆ ಆ ಉಬ್ಬಿನ ಕಾಟ ತಪ್ಪುತ್ತದೆ, ಆದರೆ ಬದಿಯ ಬಟನ್ ಅಡಿಗೆ ಸಿಕ್ಕಬಾರದು.

ದೂರದರ್ಶಕದಿಂದ ಗುರಿ ನೋಡಿ ಕೋನ ಅಳೆಯುವ ಥಿಯೋಡೊಲೈಟಿನಲ್ಲಿ (ಟೋಟಲ್ ಸ್ಟೇಷನ್ನಿನ ಒಳಗಿರುವುದೂ ಅದೇ) ಇದಕ್ಕೆ ಫೇಸ್ ಲೆಫ್ಟ್, ಫೇಸ್ ರೈಟ್ ಎಂದು ಹೆಸರು. ಮೇಲೆ ಹೇಳಿದ 42°18′36″ ಫೇಸ್ ಲೆಫ್ಟಿನದು ಎಂದುಕೊಳ್ಳಿ. ದೂರದರ್ಶಕವನ್ನು ಮಗುಚಿ, ಉಪಕರಣವನ್ನು 180° ತಿರುಗಿಸಿ ಅದೇ ಗುರಿಯನ್ನು ನೋಡಿದರೆ 222°18′12″ ಬಂತು. 180 ಕಳೆದರೆ 42°18′12″. ಸರಾಸರಿ 42°18′24″, ಕಾಲಿಮೇಷನ್ ತಪ್ಪು (ದೂರದರ್ಶಕದ ನೋಟದ ಗೆರೆ ಅದರ ಅಡ್ಡ ಅಕ್ಷಕ್ಕೆ ಸರಿಯಾಗಿ ಲಂಬವಾಗಿಲ್ಲದ ತಪ್ಪು) 12″. ಅಂದರೆ ಪರದೆಯ ಮೇಲಿನ 36ರಲ್ಲಿ ಕೊನೆಯ ಅಂಕಿ ಹಾಗಿರಲಿ, 3 ಕೂಡ ಸರಿಯಿರಲಿಲ್ಲ. ಮೇಲೆ-ಕೆಳಗಿನ ಕೋನ ಓದುವ ಲಂಬ ವೃತ್ತದಲ್ಲಿ ಎರಡೂ ಫೇಸ್‌ಗಳ ಮೊತ್ತ 360° ಆಗಬೇಕು. ಹೆಚ್ಚುಕಮ್ಮಿಯ ಅರ್ಧ ಇಂಡೆಕ್ಸ್ ತಪ್ಪು, ಅಂದರೆ ಆ ವೃತ್ತದ ಸೊನ್ನೆ ಸರಿದಿರುವುದು.

‘ಎರಡೂ ದಿಕ್ಕಿನಲ್ಲಿ ಅದೇ 12″ ಇದೆಯಲ್ಲ, ಕಳೆದಾಗ ಹೊಡೆದುಹೋಗುತ್ತದೆ, ಒಂದೇ ಫೇಸ್ ಸಾಕು’ ಎಂಬ ವಾದ ಕೇಳಿಬರುತ್ತದೆ. ಎರಡೂ ಗುರಿಗಳು ಒಂದೇ ಎತ್ತರದಲ್ಲಿದ್ದರೆ ವಾದ ಸರಿ. ಒಂದು ಗುರಿ ಮಟ್ಟದಲ್ಲಿದ್ದು ಇನ್ನೊಂದು 60° ಮೇಲಿದ್ದರೆ ಅಲ್ಲಿ ತಪ್ಪು ದುಪ್ಪಟ್ಟಾಗಿ 24″ ಆಗುತ್ತದೆ, ಕಳೆದಾಗ 12″ ಉಳಿದೇ ಉಳಿಯುತ್ತದೆ. ಎತ್ತರದ ಕಟ್ಟಡದ ಕೆಲಸದಲ್ಲಿ ಒಂದೇ ಫೇಸಿನ ಚಾಳಿ ಕೈಕೊಡುವುದು ಹೀಗೆ.

ಎರಡು ಫೇಸ್ ಓದಿದರೂ ಹೋಗದ ತಪ್ಪೊಂದಿದೆ. ಉಪಕರಣದ ನಿಲುವಿನ ಅಕ್ಷವೇ ವಾಲಿದ್ದರೆ ಮಗುಚಿದರೂ ಅದು ಅದೇ ಕಡೆಗೆ ವಾಲಿರುತ್ತದೆ. 20″ ವಾಲಿದ್ದು ಗುರಿ 30° ಮೇಲಿದ್ದರೆ ಹೆಚ್ಚೆಂದರೆ 11.5″ ತಪ್ಪು ಬರುತ್ತದೆ. ಇದಕ್ಕೆ ಬಬಲ್ ಸರಿಯಾಗಿ ಕೂರಿಸುವುದೊಂದೇ ದಾರಿ, ಅಥವಾ ವಾಲನ್ನು ತಾನೇ ಅಳೆದು ತಿದ್ದುವ ಕಂಪನ್ಸೇಟರ್ ಚಾಲೂ ಇರಬೇಕು. ಬಿಸಿಲಿನಲ್ಲಿ ಟ್ರೈಪಾಡಿನ ಒಂದೇ ಕಾಲು ಕಾದರೆ ಅರ್ಧ ಗಂಟೆಯಲ್ಲಿ ಬಬಲ್ ಜರುಗಿರುತ್ತದೆ, ಕೊಡೆ ಹಿಡಿಯುವುದು ಮನುಷ್ಯರಿಗಷ್ಟೇ ಅಲ್ಲ.

ಹಳೆಯ ವರ್ನಿಯರ್ ಥಿಯೋಡೊಲೈಟಿನಲ್ಲಿ ಎ, ಬಿ ಎಂದು ಎದುರುಬದುರು ಎರಡು ವರ್ನಿಯರ್ ಇರುತ್ತವೆ, ಮುಖ್ಯ ಸ್ಕೇಲಿನ ತುಂಡನ್ನು ಇನ್ನೂ ಸಣ್ಣಗೆ ಓದಿಸುವ ಪಕ್ಕದ ಚಿಕ್ಕ ಸ್ಕೇಲುಗಳು. ಮುಖ್ಯ ಸ್ಕೇಲ್ 20′ರ ತುಂಡು, ಅಂಥ 59 ತುಂಡಿನ ಉದ್ದಕ್ಕೆ ವರ್ನಿಯರಿನ 60 ಗೆರೆ, ಹಾಗಾಗಿ ಲೀಸ್ಟ್ ಕೌಂಟ್ 20″. ಎರಡನ್ನೂ ಓದುವ ತಾಪತ್ರಯ ಯಾಕೆ? ಗೆರೆ ಕೊರೆದ ವೃತ್ತದ ಕೇಂದ್ರವೂ ಅದು ತಿರುಗುವ ಅಕ್ಷವೂ ಕರಾರುವಾಕ್ಕಾಗಿ ಒಂದೇ ಕಡೆ ಬೀಳುವುದು ಸಾಧ್ಯವಿಲ್ಲ. 50 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಬರೀ 0.01 ಮಿ.ಮೀ. ಆಚೀಚೆಯಾದರೆ 41″ ತಪ್ಪು. ವೃತ್ತದ ಒಂದು ಬದಿಯಲ್ಲಿ ಅದು ಹೆಚ್ಚಾಗಿ ಬಂದರೆ ಎದುರು ಬದಿಯಲ್ಲಿ ಅಷ್ಟೇ ಕಮ್ಮಿಯಾಗಿ ಬರುತ್ತದೆ; ಎರಡರ ಸರಾಸರಿಯಲ್ಲಿ ಹೊಡೆದುಹೋಗುತ್ತದೆ. ತಿರುಗಿದ ಕೋನವನ್ನು ಅಂಕಿಯಾಗಿಸುವ ಇಂದಿನ ಒಳ್ಳೆಯ ಎನ್‌ಕೋಡರ್‌ಗಳಲ್ಲೂ ಎದುರುಬದುರು ಓದುವ ಕಣ್ಣುಗಳಿರುವುದು ಇದೇ ಕಾರಣಕ್ಕೆ.

ಒಂದು ಬಿಂದುವಿನ ಸುತ್ತಲಿನ ಕೋನಗಳನ್ನೆಲ್ಲ ಅಳೆದು ಮೊತ್ತ 360° ಬಂತೆಂದು ಸಮಾಧಾನಪಡುವುದಿದೆ. ಆ ಸಮಾಧಾನ ಅರ್ಧ ಮಾತ್ರ ಸರಿ. ವೃತ್ತವನ್ನು ಅಲುಗಿಸದೆ ಒಂದಾದ ಮೇಲೊಂದು ದಿಕ್ಕು ಓದುತ್ತ ಹೋದರೆ ಗೆರೆಗಳು ಎಷ್ಟೇ ಅಡ್ಡಾದಿಡ್ಡಿ ಕೊರೆದಿದ್ದರೂ ಮೊತ್ತ 360° ಆಗಲೇಬೇಕು, ಯಾಕೆಂದರೆ ಹೊರಟ ಗೆರೆಗೇ ವಾಪಸು ಬಂದಿರುತ್ತೀರಿ. ಆ ಪರೀಕ್ಷೆ ಹಿಡಿಯುವುದು ಟ್ರೈಪಾಡ್ ತಿರುಚಿದ್ದನ್ನು, ಗುರಿ ನೋಡುವುದರಲ್ಲಿನ ಅಲುಗಾಟವನ್ನು. ಗೆರೆಯ ತಪ್ಪನ್ನು ಹಿಡಿಯಬೇಕಾದರೆ ಪ್ರತಿ ಸುತ್ತಿಗೂ ವೃತ್ತದ ಸೊನ್ನೆಯನ್ನು ಸರಿಸಬೇಕು: ಎರಡು ಸುತ್ತಾದರೆ 90° ಅಂತರದಲ್ಲಿ, ನಾಲ್ಕಾದರೆ 45°. ತ್ರಿಕೋನದ ಮೂರು ಮೂಲೆಯಲ್ಲೂ ನಿಂತು ಅಳೆದು 180° ಬಂದರೆ ಅದಕ್ಕೆ ಹೆಚ್ಚು ತೂಕವಿದೆ, ನಿಲ್ಲಿಸುವ ತಪ್ಪೂ ಅದರಲ್ಲಿ ಹೊರಬೀಳುತ್ತದೆ.

ಲೀಸ್ಟ್ ಕೌಂಟಿನ ಮೋಹ

ಮೋಟರ್‌ಗಳಿಗೆ ಹಾಕುವ 14 ಬಿಟ್ ಮ್ಯಾಗ್ನೆಟಿಕ್ ಎನ್‌ಕೋಡರ್ ಸುತ್ತನ್ನು 16384 ಭಾಗ ಮಾಡುತ್ತದೆ, ಒಂದೊಂದೂ 0.022°. ಕೊಳ್ಳುವವರು ನೋಡುವುದು ಆ ಅಂಕಿ. ಅಯಸ್ಕಾಂತ ಅಕ್ಷದ ಮಧ್ಯಕ್ಕೆ ಕೂರದೆ ಅರ್ಧ ಡಿಗ್ರಿ ತಪ್ಪು ಬಂದರೆ ಅದು 23 ಹೆಜ್ಜೆಗಳಷ್ಟು. ಈ ತಪ್ಪು ಸುತ್ತಿಗೊಮ್ಮೆ ಏರಿ ಇಳಿಯುವ ಅಲೆ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಅಷ್ಟೇ ಬರುತ್ತದೆ. ಆದ್ದರಿಂದ ಒಳ್ಳೆಯ ಎನ್‌ಕೋಡರ್ ಪಕ್ಕದಲ್ಲಿಟ್ಟು ತಿದ್ದುಪಡಿ ಕೋಷ್ಟಕ ಮಾಡಿ ಕಳೆಯಬಹುದು. ಪ್ರಿಸಿಷನ್ ಇದ್ದರೆ ಆಕ್ಯುರಸಿಯನ್ನು ಹೀಗೆ ಸಂಪಾದಿಸಿಕೊಳ್ಳಬಹುದು ಎಂದು ಆಗ ಮೊದಲ ಉಪಕರಣವನ್ನು ಆರಿಸಿದ್ದು ಇದಕ್ಕೇ. ಅಕ್ಷದ ಬೇರಿಂಗ್ ಸಡಿಲವಿದ್ದು ತಪ್ಪು ಪ್ರತಿಸಲ ಬೇರೆಯಾದರೆ ಯಾವ ಕೋಷ್ಟಕವೂ ನಡೆಯುವುದಿಲ್ಲ.

ಮೆಷಿನ್ ಶಾಪಿನ ಸೈನ್ ಬಾರ್ ಇನ್ನೊಂದು ಪಾಠ: ಎರಡು ತುದಿಗೂ ರೋಲರ್ ಇರುವ ಪಟ್ಟಿ ಅದು, ಒಂದು ತುದಿಯ ಕೆಳಗೆ ದಪ್ಪ ಗೊತ್ತಿರುವ ಸ್ಲಿಪ್ ಗೇಜ್ ತುಂಡುಗಳನ್ನಿಟ್ಟು ಕೋನ ಕಟ್ಟುತ್ತಾರೆ. 200 ಮಿ.ಮೀ. ಬಾರ್ ಕೆಳಗೆ 100 ಮಿ.ಮೀ. ಸ್ಲಿಪ್ ಗೇಜ್ ಇಟ್ಟರೆ 30°. ಗೇಜಿನಲ್ಲಿ 1 ಮೈಕ್ರಾನ್ ತಪ್ಪಿದ್ದರೆ ಅಲ್ಲಿ 1.2″ ಆಗುತ್ತದೆ, 60°ಯಲ್ಲಿ 2″, 80°ಯಲ್ಲಿ 6″. ಅದೇ ಗೇಜ್, ಅದೇ ಕೈ, ತಪ್ಪು ಮಾತ್ರ ಐದು ಪಟ್ಟು. 45° ಮೇಲೆ ಸೈನ್ ಬಾರ್ ಬಳಸಬೇಡಿ, ಪೂರಕ ಕೋನವನ್ನು (90°ಯಿಂದ ಕಳೆದು ಉಳಿದದ್ದನ್ನು) ಇಟ್ಟು ಅಳೆಯಿರಿ ಎನ್ನುವುದರ ಹಿಂದಿನ ಲೆಕ್ಕ ಇದು. ರೋಲರುಗಳ ನಡುವಿನ ಅಂತರವೇ 200ರ ಬದಲು 200.005 ಇದ್ದರೆ 30°ಯಲ್ಲಿ 3″ ತಪ್ಪು. ಎಷ್ಟು ಸಲ ಕಟ್ಟಿ ಬಿಚ್ಚಿದರೂ ಅದೇ 3″, ಅದೇ ದಿಕ್ಕಿಗೆ. ಕಟ್ಟಿ ಬಿಚ್ಚುವ ಪರೀಕ್ಷೆಯಲ್ಲಿ ಅದು ಯಾವತ್ತೂ ಕಾಣುವುದಿಲ್ಲ.

ತಮ್ಮ ತಪ್ಪು ಎಷ್ಟೆಂದು ಗೊತ್ತಿದ್ದವರ ಅಳತೆಗೆ ಎಷ್ಟು ಬೆಲೆ ಬರುತ್ತದೆ ಎನ್ನುವುದಕ್ಕೆ ಖಗೋಳಜ್ಞ ಟೈಕೋ ಬ್ರಾಹೆಯ ಮಂಗಳ ಗ್ರಹದ ದಾಖಲೆಗಳನ್ನು ನೋಡಬೇಕು. ದೂರದರ್ಶಕವಿಲ್ಲದ ಕಾಲ, ದೊಡ್ಡ ಉಪಕರಣಗಳು, ಬರಿಗಣ್ಣು. ಕಣ್ಣು ಬಿಡಿಸಿ ನೋಡಬಲ್ಲ ಮಿತಿಯೇ ಸುಮಾರು 1′. ಇನ್ನೊಬ್ಬ ಖಗೋಳಜ್ಞ ಕೆಪ್ಲರ್ ವೃತ್ತಾಕಾರದ ಕಕ್ಷೆಯನ್ನು ಆ ದಾಖಲೆಗಳಿಗೆ ಹೊಂದಿಸಲು ಹೋದಾಗ 8′ ವ್ಯತ್ಯಾಸ ಉಳಿಯಿತು. ಬೇರೆಯವರ ಅಳತೆಯಾಗಿದ್ದರೆ ‘ಇರಲಿ’ ಎನ್ನಬಹುದಿತ್ತು. ಟೈಕೋನ ಅಳತೆ 8′ ತಪ್ಪಲಾರದು ಎಂಬ ಭರವಸೆಯ ಮೇಲೆ ಆತ ವೃತ್ತವನ್ನೇ ಬಿಟ್ಟ; ದೀರ್ಘವೃತ್ತ 1609ರಲ್ಲಿ ಪ್ರಕಟವಾಯಿತು.

ಬರೆಯುವಾಗ ಎಷ್ಟು ಅಂಕಿ

ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಐದನೇ ದಶಮಾಂಶ ಸ್ಥಾನ 1.1 ಮೀಟರ್. ಫೋನಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ, ಆದ್ದರಿಂದ ಐದು ಸ್ಥಾನ ಧಾರಾಳವಾಯಿತು. ಹದಿನೈದು ಸ್ಥಾನಗಳ ಅಕ್ಷಾಂಶ ಬರೆದ ವರದಿಗಳಿರುತ್ತವೆ. ಆ ಕೊನೆಯ ಸ್ಥಾನ ಒಂದು ಪರಮಾಣುವಿನಷ್ಟು. ಪ್ರೋಗ್ರಾಮ್ ಕೊಟ್ಟಿದ್ದನ್ನು ಹಾಗೇ ಅಂಟಿಸಿದ್ದಾರೆ ಎಂಬುದೊಂದೇ ಅದರಿಂದ ತಿಳಿಯುವುದು.

ಲೆಕ್ಕದ ಮಧ್ಯೆ ಮಾತ್ರ ಜಿಪುಣತನ ಬೇಡ. ಡಿಗ್ರಿಯಲ್ಲಿ ನಾಲ್ಕನೇ ಸ್ಥಾನ 0.36″, ರೇಡಿಯನ್ನಿನಲ್ಲಿ ಆರನೇ ಸ್ಥಾನ 0.2″. ಸೆಕೆಂಡಿನ ಉತ್ತರ ಬೇಕಿದ್ದರೆ ಡಿಗ್ರಿಗೆ ಐದು, ರೇಡಿಯನ್ನಿಗೆ ಏಳು ಸ್ಥಾನ ಇಟ್ಟುಕೊಂಡು ಕೊನೆಗೆ ಒಮ್ಮೆ ದುಂಡಗೆ ಮಾಡಿ. ಸಣ್ಣ ಕೋನವನ್ನು ಕೊಸೈನ್‌ನಿಂದ ಹಿಂದಕ್ಕೆ ತೆಗೆಯಬೇಡಿ: ಏಳು ದಶಮಾಂಶಕ್ಕೆ ಕೊಸೈನ್ 1′ ಎಂದರೆ 1.0000000, ಅದರಿಂದ ವಾಪಸು ಬರುವ ಕೋನ ಸೊನ್ನೆ. ಸೈನ್ 90°ಯ ಹತ್ತಿರ ಇದೇ ರೀತಿ ಕುರುಡಾಗುತ್ತದೆ. ಅಡ್ಡ ಮತ್ತು ಉದ್ದ ಎರಡನ್ನೂ ಪಡೆಯುವ ಎರಡು ಆರ್ಗ್ಯುಮೆಂಟಿನ ಆರ್ಕ್‌ಟ್ಯಾನ್‌ಗೆ ಈ ಕಾಯಿಲೆಯಿಲ್ಲ, ಚತುರ್ಥಕವನ್ನೂ ಅದೇ ನೋಡಿಕೊಳ್ಳುತ್ತದೆ.

ಫೀಲ್ಡ್ ಬುಕ್ಕಿನಲ್ಲಿ ಎರಡೂ ಫೇಸಿನ ಅಂಕಿಗಳನ್ನು ಓದಿದ ಹಾಗೆಯೇ ಬರೆಯಬೇಕು, ಸರಾಸರಿ ಬೇರೆ ಅಂಕಣದಲ್ಲಿ. ಗುಂಪಿನಿಂದ ಹೊರಗೆ ಬಿದ್ದ ಅಂಕಿಯನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ. ವರದಿಗೆ ಹೋಗುವಾಗ 42°18′24″ ಎಂದಷ್ಟೇ ಬರೆದರೆ ಓದುವವರಿಗೆ ಮತ್ತೆ ಅದೇ ಪರದೆ ಕೊಟ್ಟಂತಾಯಿತು. 42°18′24″ ± 7″, ಎರಡು ಫೇಸ್, ಒಂದು ಸುತ್ತು, ಗುರಿಯ ದೂರ ಇಷ್ಟು ಎಂದು ಬರೆದರೆ ಅವರೇ ತಮ್ಮ ಕೆಲಸಕ್ಕೆ ಸಾಕೋ ಇಲ್ಲವೋ ಲೆಕ್ಕ ಹಾಕಿಕೊಳ್ಳುತ್ತಾರೆ. ಆ 7″ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ನೋ ಎರಡೋ ಎಂಬುದನ್ನೂ, ನಿಲ್ಲಿಸುವ ತಪ್ಪು ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಅದೇ ಸಾಲಿನಲ್ಲಿ ಹೇಳಿಬಿಡಿ.